ಇಲ್ಲದ ಮೋರಿಗೆ ಕಟ್ಟಿದ ಶುಲ್ಕ

ಅಬ್ಬಾ ತೀರಿಹೋದ ಮೇಲೆ ಅಮ್ಮಿ ಮತ್ತು ನಾನು ಮನೆಯ ಮುಂದಿನ ಕೋಣೆಯಲ್ಲಿ ಎರಡು ಚರಕ ಹಾಕಿಕೊಂಡು ರೇಷ್ಮೆ ಬಿಚ್ಚುತ್ತಿದ್ದೆವು. ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಗಲ್ಲಿಯ ಎಲ್ಲ ಮನೆಗಳ ಕಸುಬೂ ಅದೇ. ಸಾದಲಿ ಕಡೆಯಿಂದ ಬಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯಬೇಕು. ಉಳಿದ ಹುಳುವನ್ನು ಕೊಳ್ಳಲು ಜನ ಬರುತ್ತಿದ್ದರು. ಬೆಂದ ನೀರಿಗೆ ಮಾತ್ರ ಗಿರಾಕಿ ಇರಲಿಲ್ಲ. ಗಲ್ಲಿಯಲ್ಲಿ ಮೋರಿಯೇ ಇಲ್ಲದ್ದರಿಂದ ಬಾಗಿಲಾಚೆ ಚೆಲ್ಲುತ್ತಿದ್ದೆವು. ಮಳೆ ಬಂದರೆ ಎಲ್ಲ ನೀರೂ ಸೇರಿ ಒಳಗೆ ನುಗ್ಗುತ್ತಿತ್ತು. ಒಮ್ಮೆ ಮನೆಯಲ್ಲಿದ್ದ ಗೂಡೆಲ್ಲ ನೆನೆದು ಹಾಳಾಗಿ ನಾವು ಗಂಜಿ ಕುಡಿದು ದಿನ ತಳ್ಳಿದೆವು.

ಅಂಥ ಹೊತ್ತಿನಲ್ಲಿ ಪುರಸಭೆಯವರಿಗೆ ಊರು ಚೊಕ್ಕ ಮಾಡುವ ಹುಮ್ಮಸ್ಸು ಬಂತು. ಬೀದಿಗೊಂದು ಕಸದ ಗಾಡಿ, ಅದಕ್ಕೊಂದು ಶುಲ್ಕ. ಮಳೆನೀರಿನ ಮೋರಿಗೆ ಇನ್ನೊಂದು ಶುಲ್ಕ. ಸುಳ್ಳು ಯಾಕೆ ಹೇಳಲಿ, ಗಾಡಿ ಬಂತು. ಕಸ ಹಾಕಿದೆವು, ದುಡ್ಡೂ ಕೊಟ್ಟೆವು. ಆದರೆ ಬಿಲ್ ಕಲೆಕ್ಟರ್ ಮೋರಿಯ ಶುಲ್ಕ ಕೇಳಿದಾಗ ನನ್ನ ಮೈ ಉರಿಯಿತು. ಮೋರಿ ಎಲ್ಲಿದೆ ಎಂದು ಕೇಳಿದೆ. ಮುಂದೆ ತೋಡುತ್ತಾರೆ, ಈಗ ಕಟ್ಟದಿದ್ದರೆ ನಲ್ಲಿ ಕಿತ್ತುಹಾಕುತ್ತಾರೆ ಎಂದ. ನೀರಿಲ್ಲದಿದ್ದರೆ ಚರಕ ತಿರುಗದು. ನಮ್ಮ ಹೊಟ್ಟೆಯ ಮೇಲೆ ಎಲ್ಲಿ ಹೊಡೆಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗಲ್ಲಿಯವರೆಲ್ಲ ಹೆದರಿ ಕಟ್ಟಿಬಂದರು. ನಾವು ಮಾತ್ರ ಕಟ್ಟಬಾರದು ಎಂದು ನಾನು ಹಟ ಹಿಡಿದೆ. ಅಮ್ಮಿ ಬುರ್ಖಾ ಹಾಕಿಕೊಂಡು ಪುರಸಭೆ ಕಚೇರಿಗೆ ಹೋಗಿ ಕಟ್ಟಿಯೇ ಬಿಟ್ಟರು. ಜೊತೆಗೆ ಹೋಗಿದ್ದ ನಾನು ನಾಚಿಕೆಯಿಂದ ಸತ್ತೆ. ಅಮ್ಮಿ ಗುಮಾಸ್ತನನ್ನು ಒಂದೇ ಮಾತು ಕೇಳಿದರು, ಈಗ ಊರ ಮೋರಿಯಲ್ಲಿ ನಮ್ಮ ನೀರು ಬಿಡಬಹುದಲ್ಲವೇ ಎಂದು. ಆತ ತಲೆ ಎತ್ತದೆ, ಧಾರಾಳವಾಗಿ ಬಿಡಿ ಎಂದ.

ಮರುದಿನ ಅಮ್ಮಿ ಬೆಂದ ನೀರನ್ನು ಬಾಗಿಲಾಚೆ ಚೆಲ್ಲಲಿಲ್ಲ. ಬಕೆಟ್ಟಿಗೆ ತುಂಬಿಸಿ ಹೊರಟರು. ಹತ್ತಿರದಲ್ಲಿದ್ದ ಒಂದೇ ಒಂದು ಮೋರಿ ಹರಿಯುತ್ತಿದ್ದದ್ದು ಪುರಸಭೆ ಕಚೇರಿಯ ಮುಂದೆ. ನನಗೆ ಆಗ ಅರ್ಥವಾಯಿತು. ನಾನೂ ಬಕೆಟ್ ಎತ್ತಿಕೊಂಡೆ. ಸಂಜೆಯ ಹೊತ್ತಿಗೆ ಗಲ್ಲಿಯ ಹೆಂಗಸರೆಲ್ಲ ನಮ್ಮ ಹಿಂದಿದ್ದರು. ಹುಳು ಬೆಂದ ನೀರಿನ ವಾಸನೆ ನಮಗೆ ಹುಟ್ಟಿನಿಂದ ಅಭ್ಯಾಸ. ಕಚೇರಿಯವರಿಗೆ ಅಭ್ಯಾಸವಿರಲಿಲ್ಲ, ಪಾಪ.

ಕೆಲವು ದಿನ ಕಿಟಕಿ ಮುಚ್ಚಿಕೊಂಡು ತಡೆದರು. ಆಮೇಲೆ ಮುಖ್ಯಾಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಹೊರಬಂದು, ನಲ್ಲಿ ಕೀಳಿಸುತ್ತೇನೆ ಎಂದು ಗದರಿದರು.

"ಯಾವ ಬಾಕಿಗೆ ಸ್ವಾಮಿ?" ಎಂದರು ಅಮ್ಮಿ. "ಮೋರಿಗೆ ದುಡ್ಡು ಇಸ್ಕೊಂಡಿದ್ದೀರ. ಮೋರಿ ಇಲ್ಲೈತೆ, ಅದಕ್ಕೆ ಇಲ್ಲೀಗಂಟ ಹೊತ್ಕೊಂಡು ಬಂದಿದ್ದೀವಿ."

ಮುಖ್ಯಾಧಿಕಾರಿ ಅಮ್ಮಿಯನ್ನು ಪಕ್ಕಕ್ಕೆ ಕರೆದು, ನಿಮ್ಮೊಬ್ಬರ ಶುಲ್ಕ ವಾಪಸು ಕೊಡಿಸುತ್ತೇನೆ, ಉಳಿದವರನ್ನು ಸುಮ್ಮನಾಗಿಸಿ ಎಂದರು. ಅಮ್ಮಿ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ತಿರುಗಿ ಹೇಳಿದರು. ಆ ಮನುಷ್ಯನ ಮುಖ ನೋಡಬೇಕಿತ್ತು.

ಮಳೆಗಾಲಕ್ಕೆ ಮೊದಲೇ ನಮ್ಮ ಗಲ್ಲಿಯಲ್ಲಿ ಮೋರಿ ತೋಡಿದರು, ಕಲ್ಲನ್ನೂ ಕಟ್ಟಿದರು. ತಮ್ಮ ಉಪಕಾರವನ್ನು ಜಗತ್ತಿಗೆ ಸಾರಬೇಕಲ್ಲ, ಪುರಸಭೆ ಅಧ್ಯಕ್ಷರು ಟೇಪು ಕತ್ತರಿಸಲು ಬಂದರು. ಹೋರಾಡಿದ ತಾಯಿ ಎಂದು ಅಮ್ಮಿಗೆ ಹಾಕಲು ಹಾರ ತಂದಿದ್ದರು.

"ದುಡ್ಡು ಕೊಟ್ಟು ತಗೊಂಡಿರೋದಕ್ಕೆ ಹಾರ ಯಾತಕ್ಕಪ್ಪ?" ಎಂದು ಅಮ್ಮಿ ಹಾರವನ್ನು ಕೈಯಿಂದ ಸರಿಸಿ ನನ್ನ ಕಡೆ ತಿರುಗಿದರು. "ಒಲೆ ಮೇಲಿನ ಬೆಂದ ನೀರು ತಗೊಂಬಾ. ಗೂಡು ಕಾಯ್ತಾ ಐತೆ."

ಅಧ್ಯಕ್ಷರು ಬಿಳಿ ಪಂಚೆ ಎತ್ತಿಕೊಂಡು ಮೋರಿಯಿಂದ ಆಚೆ ಹಾರಿದರು. ನಾನು ಒಂದು ತೊಟ್ಟೂ ಉಳಿಸದೆ ಮೋರಿಗೆ ಸುರಿದೆ.