ಒಂದು ಗೇಣು ಎಡಕ್ಕೆ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಬೀಳಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಮತ್ತು ನೆರೆಮನೆಯ ಕಾಕಾನ ಮಗಳು, ನಡುವೆ ಗೋಣಿತಟ್ಟಿನ ಮೇಲೆ ಕಾಕಾನ ಜೋಡುನಳಿಗೆ ಬಂದೂಕು. ಕಾಕಾ ಹೋದ ಮೇಲೆ ಅದು ಅವಳ ತಮ್ಮನ ಹೆಸರಿನಲ್ಲಿತ್ತು. ಈಗ ಅವನೂ ಇಲ್ಲ. ಠಾಣೆಗೆ ಒಪ್ಪಿಸಬೇಕೆಂದು ಲೋಕಾಪುರದ ಗಂಡನ ಮನೆಯಿಂದ ಬಂದಿದ್ದಳು. ಆಯುಧವನ್ನು ಒರೆಸದೆ ಕೊಡಬಾರದು. ಪಲ್ಟನ್ನಿನಲ್ಲಿ ಕಲಿತ ಪಾಠ. ನಳಿಗೆಗೆ ಎಣ್ಣೆ ಬಟ್ಟೆ ತೂರಿಸಿದೆ. ಆ ವಾಸನೆಗೆ ಕಾಕಾ ಎದುರು ಬಂದು ಕೂತಂತಾಯಿತು...

ಆಗಿನ್ನೂ ಚಿಗರಿಯ, ಅಂದರೆ ಕೃಷ್ಣಮೃಗದ, ಬೇಟೆಗೆ ಈಗಿನ ನಿಷೇಧ ಬಂದಿರಲಿಲ್ಲ. ಕಾಕಾ ಸಣ್ಣ ಗುಂಡುಗಳ ಛರ್ರಾ ಹಾಕುತ್ತಿರಲಿಲ್ಲ. ಅದು ಚದುರಿ ಗಾಯ ಮಾಡುತ್ತದೆ, ಕೊಲ್ಲುವುದಿಲ್ಲ. ಒಂಟಿ ಸೀಸದ ಗುಂಡಿನ ತೋಟಾ ಮಾತ್ರ. ರಜೆಗೆ ಬಂದ ನನಗೆ ದಿನವೂ ಅದರದೇ ಬಡಾಯಿ.

"ನನ್ನ ಗುಂಡು ಎಂದೂ ಸುಳ್ಳ ಹೇಳಿಲ್ಲಲೇ ಸಿಪಾಯಿ."

"ಬದುವಿನ ಮ್ಯಾಲ ಕುಂಬಳಕಾಯಿ ಇಡತೇನಿ, ಹೊಡೀರಿ ಕಾಕಾ."

ಮೂವತ್ತು ಹೆಜ್ಜೆಗೆ ಕಾಯಿ ಸಿಡಿಯಿತು. ಎಂಬತ್ತು ಹೆಜ್ಜೆಗೆ ಗುಂಡು ಒಂದು ಗೇಣು ಎಡಕ್ಕೆ ಮಣ್ಣು ಹಾರಿಸಿತು. ಮತ್ತೆ ಹೊಡೆದರು, ಅಲ್ಲೇ. ಆ ನಳಿಗೆಯ ಒಳಗೆ ರೈಫಲ್ಲಿನ ಸುರುಳಿ ಗೆರೆಗಳಿಲ್ಲ, ದೂರಕ್ಕೆ ಗುಂಡು ದಾರಿ ಬಿಡುತ್ತದೆ.

"ಗಾಳಿಲೇ," ಎಂದರು. ಜೋಳದ ಒಂದು ಎಲೆಯೂ ಅಲುಗಿರಲಿಲ್ಲ.

ಮರುದಿನ ಈ ಮಗಳನ್ನು ನೋಡಲು ಲೋಕಾಪುರದ ಗಂಡಿನವರು ಬಂದರು. ಗಂಡಿನ ತಂದೆ ತಮ್ಮ ಮುಧೋಳ ನಾಯಿಯನ್ನೂ ತಂದಿದ್ದರು. ನಾಯಿ ಬಿಟ್ಟ ಮೇಲೆ ಬಂದೂಕು ಎತ್ತಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಆದರೆ ಊಟಕ್ಕೆ ಕೂತಾಗ ಕಾಕಾ ಕೊಚ್ಚಿದ್ದು ಕೇಳಿ ಅವರಿಗೆ ಎರಡೂ ಬೇಕಾಯಿತು.

ಸಂಜೆ ಹೊಲದಂಚಿನಲ್ಲಿ ನಾಯಿ ಬಿಟ್ಟರು. ಚಿಗರಿ ನಮ್ಮೆದುರು ಎಡದಿಂದ ಬಲಕ್ಕೆ ಹಾರಿತು, ನಾಯಿ ಅದರ ತೊಡೆಗೆ ಅಂಟಿಕೊಂಡೇ ಇತ್ತು. ಎಂಬತ್ತು ಹೆಜ್ಜೆ ಇದ್ದೀತು.

"ಹೊಡೀರಿ, ಹೊಡೀರಿ!" ಗಂಡಿನ ತಂದೆ ಕೂಗಿದರು.

ಕಾಕಾ ಬಂದೂಕನ್ನು ಹೆಗಲಿಗೇರಿಸಿದರು. ಹಾಗೇ ಇಳಿಸಿದರು. ಚಿಗರಿ ಪಾರಾಯಿತು.

"ಯಾಕ್ರಿ, ಬರೇ ಬಾಯಿಲೇ ಹೊಡಿತೀರೇನು?" ಗಂಡಿನ ತಂದೆ ಕೆಣಕಿದರು. ಜೊತೆಗಿದ್ದವರೆಲ್ಲ ನಕ್ಕರು.

ಕಾಕಾ ನನ್ನತ್ತ ನೋಡಲಿಲ್ಲ. "ಹೌದ್ರಿ. ದೂರಾದ್ರ ನನ್ನ ಗುಂಡು ಎಡಕ್ಕ ಹೊಂಡತೈತಿ. ಎಡಕ್ಕ ನಿಮ್ಮ ನಾಯಿ ಇತ್ತು."

ನಾಯಿ ಏದುತ್ತ ಬಂದು ಗಂಡಿನ ತಂದೆಯ ಕಾಲಿಗೆ ಒರಗಿತು. ಅವರು ಅದರ ಬೆನ್ನ ಮೇಲೆ ಕೈಯಾಡಿಸಿ, "ನಡೀರಿ ಬೀಗರ, ಸಕ್ಕರಿ ತರಸ್ರಿ," ಎಂದರು. ಸಕ್ಕರೆ ಹಂಚಿದರೆ ಲಗ್ನ ಗಟ್ಟಿ. ಬೀಗರ ಎಂದು ಕರೆದದ್ದು ಅದೇ ಮೊದಲು...

"ಅಣ್ಣಾ, ಅಪ್ಪನ ಗುಂಡು ಖರೇನ ತಪ್ಪತಿತ್ತೇನು?" ಗಂಡನ ಮನೆಯಲ್ಲಿ ಆ ಸಂಜೆಯ ಕಥೆ ಕೇಳಿದ್ದ ಅವಳು ಇಂದು ಕೇಳಿದಳು.

"ದೂರಾದ್ರ ತಪ್ಪತಿತ್ತು, ತಂಗಿ."

ಠಾಣೆಗೆ ಒಪ್ಪಿಸಿದೆವು. ಅವಳನ್ನು ಬಸ್ಸಿಗೆ ಹತ್ತಿಸಿದೆ. ಆ ಹೊಲ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಗುಂಡು ಹೊಕ್ಕ ಬದುವೂ ಅಲ್ಲೇ. ಕಾಕಾನದೆಂದು ಬೀಳಗಿಯಲ್ಲಿ ಉಳಿದದ್ದು ಬಂದೂಕೊಂದೇ ಆಗಿತ್ತು. ಮನೆಗೆ ಬಂದು ಎಣ್ಣೆ ಬಟ್ಟೆ ಒಗೆದು ತಂತಿಗೆ ಹಾಕಿದೆ.