ಮಾಕಳಿಯ ನೆಲದಡಿಯ ನೀಲಿ ಕಲೆ

ಮಾಕಳಿಯ ಹತ್ತಿರ ಕಟ್ಟಬೇಕಿದ್ದ ಕಾರ್ಖಾನೆಯೊಂದಕ್ಕೆ ನೆಲ ಪರೀಕ್ಷಿಸುವ ಕೆಲಸ ನನಗೆ ಬಂದಿತ್ತು. ಸಾಲಾಗಿ ಉಕ್ಕಿನ ಗೂಟ ಹೊಡೆದು ಸಣ್ಣಗೆ ಕರೆಂಟ್ ಹರಿಸಿದರೆ, ನೆಲ ಅದನ್ನು ಎಲ್ಲಿ ಎಷ್ಟು ತಡೆಯುತ್ತದೆಂಬುದು ಲ್ಯಾಪ್‌ಟಾಪಿನಲ್ಲಿ ಬಣ್ಣದ ಚಿತ್ರವಾಗಿ ಮೂಡುತ್ತದೆ. ಬಂಡೆ ಕೆಂಪು, ಒದ್ದೆ ಮಣ್ಣು ನೀಲಿ. ಆ ದಿನ ಕೆಂಪಿನ ನಡುವೆ ದೊಡ್ಡದೊಂದು ನೀಲಿ ಕಲೆ ಕಂಡಿತು.

ಪಕ್ಕದಲ್ಲಿ ಹಸು ಮೇಯಿಸುತ್ತಿದ್ದ ಊರಿನ ಅಜ್ಜಿಯನ್ನು ವಿಚಾರಿಸಿದೆ. "ಅಲ್ಲಿ ಕಲ್ಲುಕ್ವಾರಿ ಇತ್ತು ಕಣವ್ವ. ಲಾರಿಗಟ್ಲೆ ಕಸ ಸುರ್ದು ಮುಚ್ಚವ್ರೆ," ಅಂದರು.

ಸೈಟಿನ ಮ್ಯಾನೇಜರ್ ಒಪ್ಪಲಿಲ್ಲ. "ಗೂಟ ಸರಿಯಾಗಿ ಕೂತಿಲ್ಲ ಅಷ್ಟೇ ಮೇಡಂ. ರಿಪೋರ್ಟಲ್ಲಿ ಪೂರ್ತಿ ಬಂಡೆ ಅಂತ ಬರೆದ್ಬಿಡಿ. ಈ ವಾರ ಭೂಮಿಪೂಜೆ ಇದೆ."

ಗೂಟಗಳನ್ನೆಲ್ಲ ಕಿತ್ತು, ಬಿಸಿಲಲ್ಲಿ ಮತ್ತೆ ಹೊಡೆಸಿ, ಕರೆಂಟ್ ಸರಿಯಾಗಿ ಹರಿಯಲೆಂದು ಬುಡಕ್ಕೆ ಉಪ್ಪುನೀರು ಸುರಿದೆ. ಹೊಸ ಚಿತ್ರದಲ್ಲೂ ಕಲೆ ಅಲ್ಲೇ ಇತ್ತು.

"ಬರೆಯಲ್ಲ ಸಾರ್," ಅಂದೆ. "ಕಸದ ಮೇಲೆ ಕಟ್ಟಿದ್ರೆ ನೆಲ ಕುಸಿಯುತ್ತೆ. ನಾಳೆ ಇದರ ಮೇಲೆ ನೂರಾರು ಜನ ಶಿಫ್ಟಲ್ಲಿ ಕೆಲಸ ಮಾಡ್ತಾರೆ. ಅನುಮಾನ ಇದ್ರೆ ಇಲ್ಲೇ ಕೊರೆಸಿ ನೋಡಿ."

"ಬೇರೆಯವರ ಹತ್ರ ಬರೆಸ್ಕೋತೀವಿ."

"ಬರೆಸ್ಕೊಳ್ಳಿ. ಈ ಚಿತ್ರ ನಿಮ್ಮ ಮಾಲೀಕರಿಗೆ ಈಗಷ್ಟೇ ಕಳಿಸಿದ್ದೀನಿ."

ಎರಡು ದಿನಕ್ಕೆ ಮಾಲೀಕರೇ ಕೊರೆಯುವ ಯಂತ್ರ ತರಿಸಿದರು. ಮೇಲೆ ಬಂದದ್ದು ಪ್ಲಾಸ್ಟಿಕ್, ಹರಿದ ಚಪ್ಪಲಿ, ನಾರುವ ಕಪ್ಪು ಕೆಸರು. ಮ್ಯಾನೇಜರ್ ಮೂಗು ಮುಚ್ಚಿಕೊಂಡು ದೂರ ಸರಿದರು.

ಕಟ್ಟಡವನ್ನು ಜಮೀನಿನ ಇನ್ನೊಂದು ತುದಿಯ ಬಂಡೆಯ ಮೇಲೆ ಕಟ್ಟಿದರು. ಆ ಮ್ಯಾನೇಜರ್ ಮತ್ತೆಂದೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಕರೆದಿದ್ದರೂ ಕಂಡದ್ದನ್ನೇ ಬರೆಯುತ್ತಿದ್ದೆ.