ಇಲ್ಲದ ಲೀಗಿನ ಗೋಲ್‌ಕೀಪರ್

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ, ಭಾನುವಾರ ಲಾರಿಗಳು ನಿಲ್ಲದ ಒಂದು ಕಾಂಕ್ರೀಟ್ ಅಂಗಳವಿದೆ. ಅದರ ತುದಿಯಲ್ಲಿ, ಎರಡು ಪ್ಲಾಸ್ಟಿಕ್ ಕ್ರೇಟುಗಳ ನಡುವೆ, ನಾನು ಗೋಲ್‌ಕೀಪರ್ ಆಗಿ ನಿಲ್ಲುತ್ತಿದ್ದೆ. ಐಸ್ ಹಾಕಿಗೆ. ನಮ್ಮ ಕಡೆ ಐಸ್ ಸಿಗುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ. ಇದನ್ನು ಅವನಿಗೆ ಮೊದಲ ದಿನವೇ ಹೇಳಿದ್ದೆ.

ಅವನು ನನ್ನ ರೂಮ್‌ಮೇಟ್. ಚನ್ನಪಟ್ಟಣದ ಬೊಂಬೆ ಕಡೆಯುವ ಮನೆಯವನು, ನನ್ನದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಶಾಲೆಯಲ್ಲಿದ್ದಾಗ ಗಾಲಿ ಸ್ಕೇಟ್ ಕಲಿತಿದ್ದ. ಭಾರತ, ನೇಪಾಳ, ಭೂತಾನ್ ಸೇರಿಸಿ ಒಂದು ವೃತ್ತಿಪರ ಐಸ್ ಹಾಕಿ ಲೀಗ್ ಶುರುವಾಗಲಿದೆ ಎಂಬ ಸುದ್ದಿಯನ್ನು ಫೋನಿನಲ್ಲಿ ನೋಡಿದಂದಿನಿಂದ ಅವನಿಗೆ ಬೇರೆ ಮಾತಿಲ್ಲ.

"ಯಾವಾಗಂತೆ?" ಎಂದೆ.

"ಮುಂದೆ."

"ಮುಂದೆ ಅಂದ್ರೆ? ತಂಡ ಇಲ್ಲ, ಮೈದಾನ ಇಲ್ಲ, ತಾರೀಖಿಲ್ಲ. ಇರೋದು ಒಂದು ಲೋಗೋ."

"ಲೋಗೋ ಚೆನ್ನಾಗೈತೆ ಕಣ್ಲಾ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನು ನಾನು. ಅಲ್ಲಿ ಗೆದ್ದರೆ ಚಪ್ಪಾಳೆ. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಗೆದ್ದರೆ ಎದುರಿನವರು ಎದ್ದು ಹೋಗುತ್ತಾರೆ. ನನ್ನ ವಾದವನ್ನು ಪೂರ್ತಿ ಕೇಳಿ, ಸೋತು, ಮತ್ತೆ ಅಲ್ಲೇ ಕೂತಿರುತ್ತಿದ್ದವನು ಅವನೊಬ್ಬನೇ. ಹಾಗಾಗಿ ನಂಬದ ಲೀಗಿಗೆ ಗೋಲ್‌ಕೀಪರ್ ಆದೆ. ಭಾನುವಾರ ನನ್ನನ್ನು ಬೇರೆಲ್ಲಿಗೂ ಯಾರೂ ಕರೆಯುತ್ತಿರಲಿಲ್ಲ.

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಪಕ್ ಎಂಬ ಚಪ್ಪಟೆ ರಬ್ಬರ್ ಬಿಲ್ಲೆ. ಅದು ಇಲ್ಲಿ ಎಲ್ಲಿ ಸಿಗಬೇಕು? ಊರಿಗೆ ಹೋಗಿ ಅಪ್ಪನ ಕೈಲಿ ಮರದ್ದೊಂದು ಕಡೆಸಿಕೊಂಡು ಬಂದ. ಹಳದಿ ಅರಗಿನ ಬಣ್ಣ, ತಾಳೆಗರಿಯಲ್ಲಿ ಉಜ್ಜಿದ ಹೊಳಪು. ಅವನು ಹೊಡೆದ. ಬಿಲ್ಲೆ ಜಾರಲಿಲ್ಲ, ಅಂಚಿನ ಮೇಲೆ ಎದ್ದು, ಚಕ್ರದಂತೆ ಉರುಳಿ, ಗೋಲು ಬಿಟ್ಟು ಚರಂಡಿಯತ್ತ ಹೋಯಿತು. ಬೊಂಬೆಯನ್ನು ಮಗು ಬಾಯಿಗಿಡುತ್ತದೆಂದು ಅವರ ಮನೆಯಲ್ಲಿ ಎಲ್ಲ ಅಂಚನ್ನೂ ದುಂಡಗೆ ಮಾಡುತ್ತಾರೆ. ಪಕ್‌ಗೆ ನೇರ ಅಂಚು ಬೇಕು.

ಇನ್ನೊಂದು ಮಾಡಿಸಲು ಹೋದಾಗ ನಾನೂ ಜೊತೆಗೆ ಹೋದೆ. ಅವನ ಅಪ್ಪ ಲೇತಿನ ಮುಂದೆ ಕೂತು ಎರಡನೆಯದನ್ನೂ ದುಂಡಗೇ ಮಾಡಿದರು.

"ಅಂಚು ಹಂಗೇ ಬುಡು ಅಂದ್ರೆ ಮತ್ತೆ ಸವರ್‌ಬುಟ್ಟೆಯಲ್ಲಪ್ಪ," ಎಂದ ಮಗ.

"ನಾನೆಲ್ಲಿ ಸವರ್ದೆ? ಕೈ ಸವರ್ತು." ನನ್ನತ್ತ ತಿರುಗಿದರು. "ನೀನೂ ಇದ್ನೆಲ್ಲ ನಂಬ್ತೀಯೇನಪ್ಪ?"

"ಇಲ್ಲ."

"ಮತ್ಯಾಕ್ ಬಂದೆ?"

ನಾನು ಹೊಸ ಹಳದಿ ಬಿಲ್ಲೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಅವನು ಕಳಿಸಿದ ಸ್ಕೇಟಿಂಗ್ ವಿಡಿಯೋ ನೋಡಿ ಲೀಗಿನವರು ಲಡಾಖಿನ ಶಿಬಿರಕ್ಕೆ ಕರೆದರು. ಕೆಲಸ ಬಿಟ್ಟು ಹೋಗಬೇಕು. ಟೀ ಅಂಗಡಿಯಲ್ಲಿ ಅವನು ಬಸ್ ಟಿಕೆಟ್ಟನ್ನು ಎರಡಾಗಿ ಹರಿದು, ಒಂದರ ಮೇಲೆ ಪರ, ಇನ್ನೊಂದರ ಮೇಲೆ ವಿರೋಧ ಎಂದು ಬರೆದು, ಮಡಿಸಿ ನನ್ನ ಮುಂದಿಟ್ಟ. ಚರ್ಚಾಸ್ಪರ್ಧೆಯ ಪದ್ಧತಿ, ನಾನೇ ಹೇಳಿಕೊಟ್ಟದ್ದು: ಚೀಟಿಯಲ್ಲಿ ಬಂದ ಕಡೆಯಿಂದಲೇ ಮಾತಾಡಬೇಕು, ಸ್ವಂತ ನಂಬಿಕೆ ಜೇಬಿನಲ್ಲಿರಬೇಕು.

"ಎತ್ಲಾ. ಒಸಿ ಹಿಡ್ಕೊಂಡ್ ಮಾತಾಡುದ್ರೂ ನಂಗ್ ಗೊತ್ತಾಯ್ತದೆ."

ಪರ ಬಂತು.

ಸೋಲುವುದು ಸುಲಭವಿತ್ತು. ನಾಲ್ಕು ಪೇಲವ ಮಾತಾಡಿದ್ದರೆ ಅವನು ಉಳಿಯುತ್ತಿದ್ದ. ಆದರೆ ಶುರುವಾದ ವಾದವನ್ನು ಸೋಲಲು ಬಿಡುವುದು ನನಗೆ ಬರುವುದಿಲ್ಲ. ಲೀಗ್ ಬರದಿದ್ದರೂ ನೀನು ಐಸ್ ಮೇಲೆ ನಿಂತಿರುತ್ತೀಯ, ಅದನ್ನು ಯಾರೂ ರದ್ದು ಮಾಡಲಾರರು ಎಂದೆ. ಪ್ಯಾಕಿಂಗ್ ಲೈನುಗಳು ಈ ರಸ್ತೆಯುದ್ದಕ್ಕೂ ಇವೆ, ಎಲ್ಲಿಗೂ ಹೋಗುವುದಿಲ್ಲ ಎಂದೆ. ಅಂಗಡಿಯವನು ಲೋಟ ತೊಳೆಯುವುದು ನಿಲ್ಲಿಸಿ ಕೇಳುತ್ತಿದ್ದ. ಇಲ್ಲಿ ನಿನ್ನನ್ನು ಹಿಡಿದಿಡುವಂಥದ್ದು ಏನಿದೆ ಎಂದೂ ಕೇಳಿದೆ. ಅವನು ನನ್ನ ಮುಖ ನೋಡಿದ. ನಾನು ಮುಂದಿನ ಅಂಶಕ್ಕೆ ಹೋದೆ.

"ಗೆದ್ಬುಟ್ಟೆ ಕಣ್ಲಾ," ಎಂದ ಕೊನೆಗೆ.

ಈಗ ಆಗಾಗ ವಿಡಿಯೋ ಬರುತ್ತದೆ: ಹೆಪ್ಪುಗಟ್ಟಿದ ಕೆರೆ, ಕಪ್ಪು ರಬ್ಬರ್ ಪಕ್, ಅವನ ಉಸಿರಿನ ಹೊಗೆ. ಲೀಗಿನ ತಾರೀಖು ಇನ್ನೂ ಬಂದಿಲ್ಲವಲ್ಲ ಎಂದು ಬರೆದರೆ "ಬತ್ತದೆ" ಎಂಬ ಉತ್ತರ. ಅಷ್ಟಕ್ಕೇ ನಿಲ್ಲುತ್ತದೆ, ಅಲ್ಲಿ ಸಿಗ್ನಲ್ ಕಡಿಮೆಯಂತೆ.

ಭಾನುವಾರ ಅಂಗಳಕ್ಕೆ ಹೋಗುತ್ತೇನೆ. ಹಳದಿ ಬಿಲ್ಲೆಯನ್ನು ಗೋಡೆಗೆ ಹೊಡೆದರೆ ಅದು ಅಂಚಿನ ಮೇಲೆ ಎದ್ದು, ದೊಡ್ಡದೊಂದು ಸುತ್ತು ಹಾಕಿ, ಹೆಚ್ಚುಕಡಿಮೆ ನಾನಿದ್ದಲ್ಲಿಗೇ ಬರುತ್ತದೆ. ಕ್ರೇಟುಗಳ ನಡುವೆ ನಿಂತು ಹಿಡಿಯುತ್ತೇನೆ. ಸುಲಭದ ಹೊಡೆತ, ಯಾರು ಬೇಕಾದರೂ ಹಿಡಿಯಬಹುದು.